ಲೆನರ್ಡ್ ಸ್ಕಿನರ್ಡ್: ನೆಬ್‌ವರ್ತ್ 1976 ಮೊದಲು ನೋಡಬೇಕಾ, ರೈಮನ್ 2022 ಮೊದಲಾ?

ತಂತಿರಾಯ

ಸದರ್ನ್ ರಾಕ್, ಅಂದರೆ ಅಮೆರಿಕದ ದಕ್ಷಿಣದ ರಾಜ್ಯಗಳ ರಾಕ್ ಇಷ್ಟಪಡುವವರು ಒಂದು ಕೆಲಸ ಮಾಡಿ. ಲೆನರ್ಡ್ ಸ್ಕಿನರ್ಡ್ ಬ್ಯಾಂಡಿನ ಎರಡು ಕಾನ್ಸರ್ಟ್ ಫಿಲ್ಮ್‌ಗಳನ್ನು ಒಂದರ ಹಿಂದೆ ಒಂದು ನೋಡಿ. ಒಂದು, ಇಂಗ್ಲೆಂಡಿನ ನೆಬ್‌ವರ್ತ್ ಬಯಲಿನಲ್ಲಿ 1976ರ ಆಗಸ್ಟ್ 21ರಂದು ನಡೆದದ್ದು. ಇನ್ನೊಂದು, ನ್ಯಾಶ್‌ವಿಲ್‌ನ ರೈಮನ್ ಸಭಾಂಗಣದಲ್ಲಿ 2022ರ ನವೆಂಬರ್ 13ರಂದು ನಡೆದ ಐವತ್ತನೇ ವರ್ಷದ ಶೋ. ಎರಡು ವೇದಿಕೆಯ ಮೇಲೂ ಇರುವ ಮನುಷ್ಯ ಒಬ್ಬನೇ. ಗಿಟಾರಿಸ್ಟ್ ಗ್ಯಾರಿ ರಾಸಿಂಗ್ಟನ್. ನೆಬ್‌ವರ್ತ್‌ನಲ್ಲಿ ಅವನಿಗೆ 24 ವರ್ಷ, ರೈಮನ್‌ನಲ್ಲಿ 70.

ನೆಬ್‌ವರ್ತ್ ಗ್ರೇಟ್ ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಮನಸ್ಸಿನಲ್ಲಿ ಉಳಿದದ್ದು ರೈಮನ್. ನುಡಿಸಿದ್ದು ಚೆನ್ನಾಗಿದೆ ಅಂತ ಅಲ್ಲ. ನುಡಿಸಿದ್ದನ್ನೇ ನೋಡಿದರೆ ನೆಬ್‌ವರ್ತ್ ಮುಂದೆ ಅದು ನಿಲ್ಲುವುದಿಲ್ಲ. ಆದರೆ ಒಂದು ಬ್ಯಾಂಡ್ ಇಷ್ಟು ಜನರನ್ನು ಕಳೆದುಕೊಂಡ ಮೇಲೂ ಅದೇ ಹಾಡುಗಳನ್ನು ಹೇಗೆ ಹೊತ್ತುಕೊಂಡು ಬಂತು ಅನ್ನುವುದು ಅಲ್ಲಿ ಕಾಣುತ್ತದೆ. ಆ ಶೋ ಆದ ನಾಲ್ಕು ತಿಂಗಳೊಳಗೆ, 2023ರ ಮಾರ್ಚ್ 5ರಂದು ಗ್ಯಾರಿ ಹೋದ. ಅವನು ಬ್ಯಾಂಡ್ ಜೊತೆ ಕೊನೆಯ ಸಲ ನುಡಿಸಿದ್ದು ರೈಮನ್‌ನಲ್ಲೇ.

ನಿಮ್ಮ ಅಭಿಪ್ರಾಯ ಹೇಳಿ. ಬೈಯುವವರು ಬೈಯಬಹುದು.

ಹಳೇಕ್ಯಾಸೆಟ್

ಬೈಯಲೇಬೇಕು. 1977ರ ಅಕ್ಟೋಬರ್ 20ಕ್ಕೆ ಆ ಬ್ಯಾಂಡ್ ಮುಗಿಯಿತು. ಆಮೇಲೆ ಬಂದದ್ದೆಲ್ಲ ಅದೇ ಹೆಸರಿನ ಬೋರ್ಡ್ ಹಾಕಿಕೊಂಡ ಟ್ರಿಬ್ಯೂಟ್ ಬ್ಯಾಂಡ್. ಒಳ್ಳೆಯ ಟ್ರಿಬ್ಯೂಟ್ ಬ್ಯಾಂಡ್, ಅದನ್ನು ಒಪ್ಪುತ್ತೇನೆ. ಆದರೆ ಹಾಡುಗಾರ ರಾನಿ ವ್ಯಾನ್ ಝಾಂಟ್ ಇಲ್ಲದೆ ಲೆನರ್ಡ್ ಸ್ಕಿನರ್ಡ್ ಎಂಥದ್ದು?

ರೈಮನ್ ಶೋನಲ್ಲಿ ಅತಿಥಿಗಳ ಮೆರವಣಿಗೆ ಬೇರೆ. ಜೆಲ್ಲಿ ರೋಲ್ ಬಂದು 'ಟ್ಯೂಸ್‌ಡೇಸ್ ಗಾನ್' ಹಾಡುತ್ತಾನೆ. ಶೈನ್‌ಡೌನ್‌ನ ಬ್ರೆಂಟ್ ಸ್ಮಿತ್ 'ಸಿಂಪಲ್ ಮ್ಯಾನ್' ಹಾಡುತ್ತಾನೆ. ಮಾರ್ಕಸ್ ಕಿಂಗ್, ಜಾನ್ ಆಸ್ಬರ್ನ್ ಕೂಡ ಇದ್ದಾರೆ. ಟಿವಿ ಅವಾರ್ಡ್ ಫಂಕ್ಷನ್ ನೋಡಿದ ಹಾಗೆ ಆಯಿತು. ನೆಬ್‌ವರ್ತ್‌ನಲ್ಲಿ ಅತಿಥಿ ಯಾರೂ ಇಲ್ಲ, ಬೇಕಾಗಿಯೂ ಇರಲಿಲ್ಲ.

ನಿದ್ದೆಗೇಡಿ

ನನಗೆ 'ಸ್ವೀಟ್ ಹೋಮ್ ಅಲಬಾಮಾ' ಒಂದೇ ಗೊತ್ತು, ಅದೂ ರೀಲ್ಸ್‌ನಿಂದ. ಇವರು ಅಲಬಾಮಾದವರು ಅಲ್ವಾ? 1977ರಲ್ಲಿ ಏನಾಯಿತು? ದಯವಿಟ್ಟು ಗೊತ್ತಿಲ್ಲದವರಿಗೂ ಸ್ವಲ್ಪ ಹೇಳಿ, ನೀವೆಲ್ಲ ಒಳಗಿನವರ ಹಾಗೆ ಮಾತಾಡುತ್ತಿದ್ದೀರಿ.

ತಂತಿರಾಯ

@ನಿದ್ದೆಗೇಡಿ ತಮಾಷೆ ಅಂದರೆ ಅದೇ. ಆ ಹಾಡು ಬರೆದ ಮೂವರಲ್ಲಿ ಒಬ್ಬನೂ ಅಲಬಾಮಾದವನಲ್ಲ. ರಾನಿ ಮತ್ತು ಗ್ಯಾರಿ ಫ್ಲೋರಿಡಾದ ಜಾಕ್ಸನ್‌ವಿಲ್‌ನವರು. ಆ ಶುರುವಿನ ಗಿಟಾರ್ ಸಾಲು ಕೊಟ್ಟ ಎಡ್ ಕಿಂಗ್ ಕ್ಯಾಲಿಫೋರ್ನಿಯಾದವನು.

ಕಥೆ ಚಿಕ್ಕದಾಗಿ ಹೇಳುತ್ತೇನೆ. 1964ರಲ್ಲಿ ಜಾಕ್ಸನ್‌ವಿಲ್‌ನ ಹುಡುಗರು ಸೇರಿ ಶುರು ಮಾಡಿದ ಬ್ಯಾಂಡ್. ರಾನಿ ಹಾಡುಗಾರ, ಗ್ಯಾರಿ ಮತ್ತು ಆಲನ್ ಕಾಲಿನ್ಸ್ ಗಿಟಾರ್. ಮೊದಲ ಆಲ್ಬಮ್ ಬಂದದ್ದು 1973ರಲ್ಲಿ, ಆಲ್ ಕೂಪರ್ ಪ್ರೊಡ್ಯೂಸರ್. 'ಫ್ರೀ ಬರ್ಡ್' ಅದರಲ್ಲೇ ಇದೆ, ಒಂಬತ್ತು ನಿಮಿಷ ದಾಟುತ್ತದೆ. ಪಿಯಾನೋದ ಬಿಲ್ಲಿ ಪವೆಲ್ ಮೊದಲು ಇವರ ಸಾಮಾನು ಹೊರುವ ಹುಡುಗ. ಒಂದು ಶಾಲೆಯ ಕಾರ್ಯಕ್ರಮದಲ್ಲಿ ಸುಮ್ನೆ ಕೂತು 'ಫ್ರೀ ಬರ್ಡ್'ಗೆ ತಾನೇ ಕಟ್ಟಿದ ಮುನ್ನುಡಿ ನುಡಿಸಿದ. ರಾನಿ ಕೇಳಿದವನೇ ಬ್ಯಾಂಡಿಗೆ ಸೇರಿಸಿಕೊಂಡ.

1977ರ ಅಕ್ಟೋಬರ್ 17ಕ್ಕೆ 'ಸ್ಟ್ರೀಟ್ ಸರ್ವೈವರ್ಸ್' ಆಲ್ಬಮ್ ಬಂತು. ಮೂರು ದಿನಕ್ಕೆ ಗ್ರೀನ್‌ವಿಲ್‌ನಿಂದ ಬ್ಯಾಟನ್ ರೂಜ್‌ಗೆ ಹೊರಟಿದ್ದ ಅವರ ಬಾಡಿಗೆ ವಿಮಾನ ಇಂಧನ ಮುಗಿದು ಮಿಸಿಸಿಪ್ಪಿಯ ಗಿಲ್ಸ್‌ಬರ್ಗ್ ಹತ್ತಿರ ಕಾಡಿಗೆ ಬಿತ್ತು. ಇದ್ದವರು 26 ಜನ. ರಾನಿ, ಗಿಟಾರಿಸ್ಟ್ ಸ್ಟೀವ್ ಗೇನ್ಸ್, ಅವನ ಅಕ್ಕ ಕ್ಯಾಸಿ, ಸಹಾಯಕ ರೋಡ್ ಮ್ಯಾನೇಜರ್ ಡೀನ್ ಕಿಲ್‌ಪ್ಯಾಟ್ರಿಕ್, ಇಬ್ಬರು ಪೈಲಟ್‌ಗಳು ಸತ್ತರು. ಗ್ಯಾರಿಗೆ ಕೈಕಾಲು ಮುರಿದು ಉಕ್ಕಿನ ರಾಡ್ ಹಾಕಬೇಕಾಯಿತು. ಆಲ್ಬಮ್ ಮುಖಪುಟದಲ್ಲಿ ಬ್ಯಾಂಡಿನವರ ಸುತ್ತ ಬೆಂಕಿ ಇತ್ತು, ಕಂಪನಿ ಅದನ್ನು ಬದಲಾಯಿಸಿತು.

ಹತ್ತು ವರ್ಷ ಆದಮೇಲೆ, 1987ರಲ್ಲಿ ಉಳಿದವರು ಸೇರಿ ರಾನಿಯ ತಮ್ಮ ಜಾನಿಯನ್ನು ಮುಂದೆ ನಿಲ್ಲಿಸಿ ನೆನಪಿನ ಟೂರ್ ಮಾಡಿದರು. ಅದು ಅಲ್ಲಿಗೇ ನಿಲ್ಲಲಿಲ್ಲ. ಜಗಳ ಇರುವುದು ಅಲ್ಲೇ.

ಗಿಟಾರ್_ಮೇಷ್ಟ್ರು

ಜಗಳ ಆಮೇಲೆ ಆಡೋಣ. ಮೊದಲು ನೆಬ್‌ವರ್ತ್ ಫಿಲ್ಮಿನ 'ಫ್ರೀ ಬರ್ಡ್' ಹಾಕಿ, ಗ್ಯಾರಿಯ ಎಡಗೈ ನೋಡಿ.

ಅವನ ಮುಖ್ಯ ಗಿಟಾರ್ 1959ರ ಲೆಸ್ ಪಾಲ್. ಅದಕ್ಕೆ ಅಮ್ಮನ ಹೆಸರು ಇಟ್ಟಿದ್ದ. ಆದರೆ ಈ ಹಾಡಿಗೆ ಮಾತ್ರ ಗಿಬ್ಸನ್ ಎಸ್‌ಜಿ ತೆಗೆದುಕೊಳ್ಳುತ್ತಾನೆ. ಸ್ಲೈಡ್, ಅಂದರೆ ಬೆರಳಿಗೆ ಗಾಜಿನ ಕೊಳವೆ ಹಾಕಿ ತಂತಿ ಮೇಲೆ ಜಾರಿಸುತ್ತಾ ನುಡಿಸಬೇಕಾದರೆ ತಂತಿ ಸ್ವಲ್ಪ ಎತ್ತರದಲ್ಲಿ ಇರಬೇಕು. ಇಲ್ಲದಿದ್ದರೆ ಬೆರಳಿನ ಗಾಜು ಕೆಳಗಿನ ಫ್ರೆಟ್‌ಗೆ (ಕುತ್ತಿಗೆಯ ಲೋಹದ ಪಟ್ಟಿಗೆ) ಬಡಿದು ಕಟಕಟ ಸದ್ದು ಬರುತ್ತದೆ. ಹೆಚ್ಚಿನವರು ಅದಕ್ಕೆ ಬೇರೆ ಗಿಟಾರ್ ಸೆಟ್ ಮಾಡಿಸಿಕೊಳ್ಳುತ್ತಾರೆ. ಇವನು ಮೇಲ್ತುದಿಯಲ್ಲಿ, ತಂತಿಗಳು ಕೂರುವ ನಟ್ ಪಕ್ಕ, ತಂತಿಗಳ ಕೆಳಗೆ ಒಂದು ಚಿಕ್ಕ ಸ್ಕ್ರೂಡ್ರೈವರ್ ತುರುಕಿಬಿಟ್ಟ! ತಂತಿ ಎದ್ದು ನಿಂತಿತು. ಕೆಲಸ ಆಯಿತು. ಸ್ಲೈಡ್‌ಗೆ ಅಂತ ತಂತಿಗಳನ್ನು ಬೇರೆ ಥರ ಶ್ರುತಿ ಮಾಡುವ ಓಪನ್ ಟ್ಯೂನಿಂಗ್ ಕೂಡ ಇಲ್ಲ, ಮಾಮೂಲಿ ಟ್ಯೂನಿಂಗ್‌ನಲ್ಲೇ ನುಡಿಸಿದ.

ಇದೆಲ್ಲ ಆಲ್ಮನ್ ಬ್ರದರ್ಸ್ ಬ್ಯಾಂಡಿನ ಗಿಟಾರಿಸ್ಟ್ ಡ್ವೇನ್ ಆಲ್ಮನ್ ಹುಚ್ಚು. ಡ್ವೇನ್ ನೆಗಡಿ ಮಾತ್ರೆಯ ಗಾಜಿನ ಸೀಸೆ ಬೆರಳಿಗೆ ಹಾಕಿಕೊಂಡು ಸ್ಲೈಡ್ ನುಡಿಸುತ್ತಿದ್ದ. ದಕ್ಷಿಣದ ಹುಡುಗರೆಲ್ಲ ಅವನನ್ನೇ ನೋಡಿ ಕಲಿತವರು. ಅವನು 1971ರಲ್ಲಿ ಬೈಕ್ ಅಪಘಾತದಲ್ಲಿ ಸತ್ತ. ಸ್ಟೇಜ್ ಮೇಲೆ ರಾನಿ ಈ ಹಾಡನ್ನು ಅವನಿಗೆ ಅರ್ಪಿಸುತ್ತಿದ್ದ. ಅದಕ್ಕೇ ಈ ಹಾಡು ಡ್ವೇನ್ ಮೇಲೆ ಬರೆದದ್ದು ಅಂತ ಸುಮಾರು ಜನ ನಂಬಿದ್ದಾರೆ. ಹಾಗಲ್ಲ. ಹಾಡಿನ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆಲನ್ ಕಾಲಿನ್ಸ್ ಬಹಳ ಮೊದಲೇ ಇಟ್ಟುಕೊಂಡಿದ್ದ. ಇಷ್ಟೊಂದು ಕಾರ್ಡ್ ಇದ್ದರೆ ಮೇಲೆ ಹಾಡುವುದು ಹೇಗೆ ಅಂತ ರಾನಿಯೇ ಅದನ್ನು ಪಕ್ಕಕ್ಕೆ ಇಟ್ಟಿದ್ದ.

ನಿಧಾನದ ಭಾಗದಲ್ಲಿ ಗ್ಯಾರಿಯ ಸ್ಲೈಡ್ ಹಾಡುತ್ತದೆ. ಕೊನೆಯ ಓಟ, ಅಂದರೆ ವೇಗದ ಸೋಲೋ, ಆಲನ್‌ನದು. ಬರೀ ಮೂರು ಕಾರ್ಡ್, ಜಿ, ಬಿ ಫ್ಲಾಟ್, ಸಿ. ಅಷ್ಟರ ಮೇಲೆ ನಿಮಿಷಗಟ್ಟಲೆ. ಸ್ಟುಡಿಯೋ ರೆಕಾರ್ಡಿಂಗ್‌ನಲ್ಲಿ ಎರಡು ಗಿಟಾರ್ ಥರ ಕೇಳಿಸುವುದು ಆಲನ್ ತನ್ನ ಮೇಲೆ ತಾನೇ ನುಡಿಸಿಕೊಂಡದ್ದು. ವೇದಿಕೆಯಲ್ಲಿ ಅದನ್ನು ಮೂವರು ಹಂಚಿಕೊಳ್ಳಬೇಕು. ಯಾರು ಎಲ್ಲಿ ಬಿಡುತ್ತಾರೆ, ಯಾರು ಎಲ್ಲಿ ಹಿಡಿಯುತ್ತಾರೆ ಅನ್ನುವುದನ್ನು ನೋಡುವುದಕ್ಕಾದರೂ ಈ ಫಿಲ್ಮ್ ಬೇಕು. ಆಡಿಯೋದಲ್ಲಿ ಇದು ತಿಳಿಯುವುದಿಲ್ಲ.

ಬೀಟ್_ತಪ್ಪದವ

ಮೇಷ್ಟ್ರೇ, ಗಿಟಾರ್ ಗಿಟಾರ್ ಅಂತ ಡ್ರಮ್ಸ್ ಮರೆತುಬಿಟ್ಟಿರಿ, ಎಂದಿನಂತೆ. ನಿಧಾನದ ಹಾಡು ಓಟಕ್ಕೆ ಬೀಳುವ ಆ ಜಾಗದಲ್ಲಿ ಇಡೀ ಬ್ಯಾಂಡನ್ನು ತಳ್ಳುವವನು ಆರ್ಟಿಮಸ್ ಪೈಲ್. ಅಲ್ಲಿ ಒಂದಿಷ್ಟು ಅವಸರ ಮಾಡಿದರೆ ಗಿಟಾರಿನವರಿಗೆ ಕೊನೆಯವರೆಗೆ ಉಸಿರು ಉಳಿಯುವುದಿಲ್ಲ.

ನೆಬ್‌ವರ್ತ್ ಫಿಲ್ಮ್ ಮೇಲೆ ನನ್ನ ದೂರು ಒಂದೇ. ಡ್ರಮ್ಸ್ ಕಡೆ ಕ್ಯಾಮೆರಾ ಕಡಿಮೆ. ಯಾವ ಕಾನ್ಸರ್ಟ್ ಫಿಲ್ಮ್ ನೋಡಿದರೂ ಹೀಗೇ. ಹಾಡುಗಾರನ ಮುಖ, ಗಿಟಾರಿಸ್ಟ್‌ನ ಬೆರಳು, ಮುಂದಿನ ಸಾಲಿನ ಹುಡುಗಿ. ನಾವು ಹಿಂದೆ ಕೂತು ಬೆವರು ಹರಿಸುತ್ತೇವೆ.

ಗಿಟಾರ್_ಮೇಷ್ಟ್ರು

ಹಹಹ. ಆದರೆ ಬೇಸ್ ಹಿಡಿದ ಲಿಯಾನ್ ವಿಲ್ಕಸನ್‌ಗೂ ಅದೇ ಗತಿ. ಅವನು ಅದಕ್ಕೇ ತರಾವರಿ ಟೋಪಿ ಹಾಕುತ್ತಿದ್ದನೋ ಏನೋ.

ಹಳೇಕ್ಯಾಸೆಟ್

ನೆಬ್‌ವರ್ತ್ ಯಾಕೆ ದೊಡ್ಡದು ಅಂದರೆ ಅವತ್ತು ಇವರು ಮುಖ್ಯ ಬ್ಯಾಂಡ್ ಅಲ್ಲ. ಮುಖ್ಯ ಶೋ ರೋಲಿಂಗ್ ಸ್ಟೋನ್ಸ್‌ನದು. 10ಸಿಸಿ, ಹಾಟ್ ಟ್ಯೂನಾ, ಟಾಡ್ ರಂಡ್‌ಗ್ರೆನ್ ಎಲ್ಲ ಸಾಲಿನಲ್ಲಿದ್ದರು. ಬಯಲಿನಲ್ಲಿ ಎಷ್ಟು ಜನ ಇದ್ದರು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಒಂದೂವರೆ ಲಕ್ಷದಿಂದ ಎರಡು ಲಕ್ಷದವರೆಗೆ. ಸ್ಟೇಜನ್ನು ಸ್ಟೋನ್ಸ್‌ನ ತುಟಿ ನಾಲಿಗೆಯ ಗುರುತಿನ ಹಾಗೇ ಕಟ್ಟಿದ್ದರು. ಆ ಕೆಂಪು ನಾಲಿಗೆ ಜನರ ಕಡೆಗೆ ಚಾಚಿಕೊಂಡಿತ್ತು. ಅದರ ಮೇಲೆ ಸ್ಟೋನ್ಸ್ ಬಿಟ್ಟು ಬೇರೆ ಯಾರೂ ಕಾಲಿಡಬಾರದು ಅಂತ ಎಚ್ಚರಿಕೆ ಕೊಟ್ಟಿದ್ದರು.

'ಫ್ರೀ ಬರ್ಡ್' ಓಟ ಶುರುವಾದ ಮೇಲೆ ಏನಾಗುತ್ತದೆ ನೋಡಿ. ರಾನಿ ತನ್ನ ಗಿಟಾರಿನವರನ್ನು ಕರೆದುಕೊಂಡು ಸೀದಾ ನಾಲಿಗೆಯ ತುದಿಗೆ ಹೋಗಿ ನಿಲ್ಲಿಸುತ್ತಾನೆ. ಜಾಕ್ಸನ್‌ವಿಲ್‌ನ ಬಡವರ ಬೀದಿಯ ಹುಡುಗರು ಸ್ಟೋನ್ಸ್‌ನ ನಾಲಿಗೆ ಮೇಲೆ! ಹಗಲು ಬೆಳಕು, ಲೈಟಿನ ಆಟ ಇಲ್ಲ, ಹೊಗೆ ಇಲ್ಲ. ಸ್ಟೋನ್ಸ್ ಬಂದದ್ದು ರಾತ್ರಿ ತುಂಬಾ ತಡವಾಗಿ, ಅಷ್ಟರಲ್ಲಿ ದಿನ ಯಾರದ್ದಾಗಿತ್ತು ಅಂತ ಅಲ್ಲಿದ್ದವರಿಗೆ ಗೊತ್ತಾಗಿತ್ತು.

ಇದು ಸಿಗುತ್ತದಾ ನಿಮ್ಮ ರೈಮನ್‌ನಲ್ಲಿ?

ತಂತಿರಾಯ

ಸಿಗುವುದಿಲ್ಲ. ಸಿಗಬೇಕು ಅಂತ ನಾನು ಹೇಳಲೇ ಇಲ್ಲ.

ಆ ನೆಬ್‌ವರ್ತ್ ಆಗಿ ಎರಡೇ ವಾರಕ್ಕೆ ಗ್ಯಾರಿ ಕುಡಿದು ತನ್ನ ಹೊಸ ಫೋರ್ಡ್ ಟೊರಿನೋವನ್ನು ಓಕ್ ಮರಕ್ಕೆ ಗುದ್ದಿದ. ರಾನಿಗೆ ಬಂದ ಕೋಪದಲ್ಲಿ 'ದಟ್ ಸ್ಮೆಲ್' ಹಾಡು ಹುಟ್ಟಿತು, ಸಾವಿನ ವಾಸನೆ ನಿನ್ನ ಸುತ್ತ ಇದೆ ಅನ್ನುವ ಹಾಡು. ಗೆಳೆಯನನ್ನು ಊರಿನ ಮುಂದೆ ಬೈದ ಹಾಡು ಅದು. ಆ ಬೈಗುಳ ತಿಂದವನು ಮುಂದೆ ನಲವತ್ತು ವರ್ಷಕ್ಕೂ ಜಾಸ್ತಿ ಅದೇ ಹಾಡಿಗೆ ಗಿಟಾರ್ ನುಡಿಸಿದ. ಬೈದವನು ಇಲ್ಲ. ಇದು ತಲೆಯಲ್ಲಿದ್ದರೆ ವಯಸ್ಸಾದ ಗ್ಯಾರಿಯ ಮುಖ ಬೇರೆ ಥರ ಕಾಣುತ್ತದೆ. ನಾನು ಹೇಳುತ್ತಿರುವುದು ಇಷ್ಟೇ.

ಕಡಲತಡಿ

ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಈ ಜಗಳ ವಿಚಿತ್ರ ಅನ್ನಿಸುತ್ತದೆ. ಮೇಳದ ಹೆಸರು ಅದೇ ಇರುತ್ತದೆ. ಭಾಗವತರು ಬದಲಾಗುತ್ತಾರೆ, ವೇಷಧಾರಿಗಳು ಬದಲಾಗುತ್ತಾರೆ. ಅಜ್ಜ ನೋಡಿದ ಕಟೀಲು ಮೇಳದಲ್ಲಿ ಇದ್ದವರು ಒಬ್ಬರೂ ಈಗಿಲ್ಲ. ಆದರೂ ನಾವು ಕಟೀಲು ಮೇಳದ ಆಟಕ್ಕೆ ಹೋಗಿದ್ದೆವು ಅಂತಲೇ ಹೇಳುತ್ತೇವೆ. ಹಿಂದಿನ ಭಾಗವತರು ಬೇರೆ, ಈಗಿನವರು ಬೇರೆ ಅಂತ ಚರ್ಚೆ ಆಗುತ್ತದೆ, ರಾತ್ರಿಯಿಡೀ ಆಗುತ್ತದೆ. ಆದರೆ ಇದು ಮೇಳವೇ ಅಲ್ಲ ಅಂತ ಯಾರೂ ಹೇಳುವುದಿಲ್ಲ. ರಾಕ್ ಬ್ಯಾಂಡಿಗೆ ಮಾತ್ರ ಯಾಕೆ ಈ ಮಡಿ?

ಹಳೇಕ್ಯಾಸೆಟ್

@ಕಡಲತಡಿ ಚೆನ್ನಾಗಿ ಹೇಳಿದಿರಿ, ಆದರೆ ಒಂದು ವ್ಯತ್ಯಾಸ ಇದೆ. ಮೇಳದ ಹೆಸರು ಕ್ಷೇತ್ರದ್ದು. ಪ್ರಸಂಗವೂ ಯಾರೋ ಒಬ್ಬ ವೇಷಧಾರಿಯ ಸ್ವಂತದ್ದಲ್ಲ. ಇಲ್ಲಿ ಹೆಸರು, ಹಾಡು, ದನಿ ಎಲ್ಲ ಕೆಲವೇ ಹುಡುಗರದ್ದು. 'ಸಿಂಪಲ್ ಮ್ಯಾನ್' ಪರಂಪರೆಯ ಹಾಡಲ್ಲ. ರಾನಿ ಮತ್ತು ಗ್ಯಾರಿ ಕೂತು ಬರೆದದ್ದು, ರಾನಿಯ ಅಜ್ಜಿ ಮತ್ತು ಗ್ಯಾರಿಯ ಅಮ್ಮನ ಮಾತುಗಳಿಂದ.

ಅದೂ ಅಲ್ಲದೆ ಇದು ನಾನೊಬ್ಬನೇ ಎತ್ತುವ ಪ್ರಶ್ನೆ ಅಲ್ಲ. 1987ರ ಟೂರ್ ಆದಮೇಲೆ ರಾನಿಯ ಹೆಂಡತಿಯೇ ಕೋರ್ಟಿಗೆ ಹೋದರು. 1988ರಲ್ಲಿ ಒಪ್ಪಂದ ಆಯಿತು. ಅಪಘಾತಕ್ಕೆ ಮೊದಲಿನ ಸದಸ್ಯರು ಇಷ್ಟು ಜನ ವೇದಿಕೆ ಮೇಲೆ ಇದ್ದರೆ ಮಾತ್ರ ಆ ಹೆಸರು ಬಳಸಬಹುದು ಅಂತ. ಅಂದರೆ ಕಾಗದದ ಮೇಲೇ ಒಂದು ಗೆರೆ ಎಳೆದಿದ್ದರು. 1990ರಲ್ಲಿ ಆಲನ್ ಹೋದ, 2001ರಲ್ಲಿ ಲಿಯಾನ್, 2009ರಲ್ಲಿ ಬಿಲ್ಲಿ. ಗೆರೆ ಹಿಂದೆ ಹಿಂದೆ ಹೋಗುತ್ತಲೇ ಇತ್ತು. ಈಗ ಗ್ಯಾರಿಯೂ ಇಲ್ಲ. 2023ರಲ್ಲಿ ಅವನು ಹೋದಮೇಲೂ ಝೀಝೀ ಟಾಪ್ ಜೊತೆ ಟೂರ್ ಹೋದರು.

ಕಡಲತಡಿ

ರಿಕಿ ಮೆಡ್‌ಲಾಕ್‌ನನ್ನು ಬಿಟ್ಟಿರಿ. ಅವನು 1970ರ ದಶಕದ ಶುರುವಿನಲ್ಲೇ ಇದೇ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸಿದವನು. ಆಮೇಲೆ ಬ್ಲ್ಯಾಕ್‌ಫುಟ್ ಬ್ಯಾಂಡ್ ನಡೆಸಿ, 1996ರಲ್ಲಿ ಗಿಟಾರ್ ಹಿಡಿದು ವಾಪಸ್ ಬಂದ. ಜಾನಿ ರಾನಿಯ ಒಡಹುಟ್ಟಿದವನು. ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವನು ಡಾನಿ, 38 ಸ್ಪೆಷಲ್ ಬ್ಯಾಂಡಿನವನು, ಅವನೂ ರೈಮನ್‌ಗೆ ಬಂದಿದ್ದ. ಗ್ಯಾರಿಯ ಹೆಂಡತಿ ಡೇಲ್ ಹಿಂದೆ ಹಾಡುತ್ತಾಳೆ. ಇದು ಹೊರಗಿನವರು ಹೆಸರು ಕೊಂಡುಕೊಂಡ ಕಥೆ ಅಲ್ಲ. ಮನೆಯವರೇ.

ಅಟ್ಲಾಂಟಾ_ಕನ್ನಡಿಗ

ನಾನು ಅಟ್ಲಾಂಟಾದಲ್ಲಿ ಇರುವುದು. ಇಲ್ಲಿ ಫಾಕ್ಸ್ ಥಿಯೇಟರ್ ಮುಂದೆ ಹೋದಾಗೆಲ್ಲ ಈ ಬ್ಯಾಂಡ್ ನೆನಪಾಗುತ್ತದೆ. 1970ರ ದಶಕದಲ್ಲಿ ಅದನ್ನು ಕೆಡವಿ ಟೆಲಿಫೋನ್ ಕಂಪನಿಯ ಕಟ್ಟಡ ಕಟ್ಟಬೇಕು ಅಂತ ಇದ್ದರು. ಊರಿನವರು ಹೋರಾಡಿ ಉಳಿಸಿಕೊಂಡರು. 1976ರ ಜುಲೈನಲ್ಲಿ, ಅಂದರೆ ನೆಬ್‌ವರ್ತ್‌ಗೆ ಸ್ವಲ್ಪ ಮೊದಲು, ಲೆನರ್ಡ್ ಸ್ಕಿನರ್ಡ್ ಅಲ್ಲಿ ಮೂರು ರಾತ್ರಿ ನುಡಿಸಿ ಲೈವ್ ಆಲ್ಬಮ್ ಮಾಡಿದರು. ಥಿಯೇಟರ್ ಉಳಿಸುವುದಕ್ಕೆ ಅದೂ ನೆರವಾಯಿತು. ಯಾವ ಹಾಡು ಬೇಕು ಅಂತ ರಾನಿ ಕೇಳುತ್ತಾನೆ, ಜನ 'ಫ್ರೀ ಬರ್ಡ್' ಅಂತ ಕಿರುಚುತ್ತಾರೆ. ಅದು ಆ ಆಲ್ಬಮ್‌ನಲ್ಲೇ ಇದೆ.

ನೆಬ್‌ವರ್ತ್ ಚಿತ್ರಗಳು ಮೊದಲು ದೊಡ್ಡದಾಗಿ ಜನರ ಮುಂದೆ ಬಂದದ್ದು 1996ರ 'ಫ್ರೀಬರ್ಡ್' ಸಿನಿಮಾದಲ್ಲಿ. ಅದರಲ್ಲಿ 1977ರ ಓಕ್‌ಲ್ಯಾಂಡ್ ಶೋನ ಭಾಗಗಳೂ ಇವೆ. ಅದರ ಮೊದಲ ಪ್ರದರ್ಶನ ಇದೇ ಫಾಕ್ಸ್‌ನಲ್ಲಿ ನಡೆಯಿತು. ನೆಬ್‌ವರ್ತ್ ಶೋ ಒಂದನ್ನೇ ಬೇರೆಯಾಗಿ, ಹನ್ನೊಂದು ಹಾಡುಗಳ ಡಿಸ್ಕ್ ಆಗಿ 2021ರಲ್ಲಿ ಬಿಟ್ಟರು. ಹೊಸಬರು 2021ರದ್ದನ್ನೇ ತೆಗೆದುಕೊಳ್ಳಿ.

ಇನ್ನು ರೈಮನ್. ಅದು 1892ರಲ್ಲಿ ಭಜನೆ ಪ್ರಾರ್ಥನೆಗೆ ಅಂತ ಕಟ್ಟಿದ ಕಟ್ಟಡ. ಟಾಮ್ ರೈಮನ್ ಅನ್ನುವ ಹಡಗಿನ ಒಡೆಯ ಕಟ್ಟಿಸಿದ್ದು. ಈಗಲೂ ಕುರ್ಚಿ ಇಲ್ಲ, ಚರ್ಚಿನ ಮರದ ಬೆಂಚುಗಳೇ. 1943ರಿಂದ 1974ರವರೆಗೆ ಗ್ರ್ಯಾಂಡ್ ಓಲ್ ಓಪ್ರಿ ಅನ್ನುವ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮ ಅಲ್ಲಿಂದಲೇ ಬರುತ್ತಿತ್ತು, ಕಂಟ್ರಿ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಹಾಡಿದ ಜಾಗ. ಹೆಚ್ಚು ಕಡಿಮೆ 2,360 ಜನ ಹಿಡಿಸುತ್ತಾರೆ ಅಷ್ಟೇ. ಸಾವಿರಾರು ಜನರ ಬಯಲು ಶೋಗಳಿಗೆ ಒಗ್ಗಿದ ಬ್ಯಾಂಡ್ ಇಂಥ ಚಿಕ್ಕ ಜಾಗಕ್ಕೆ ಬಂದರೆ ಸದ್ದು ಹತ್ತಿರವಾಗುತ್ತದೆ. ಬೆಂಚಿನ ಮೇಲೆ ಕೂತು ರಾಕ್ ಕೇಳುವುದು ಬೆನ್ನಿಗೆ ಕಷ್ಟ, ಅದು ಬೇರೆ ಮಾತು.

ನೆಬ್‌ವರ್ತ್‌ನ ಪಟ್ಟಿಯಲ್ಲಿ 'ಟಿ ಫಾರ್ ಟೆಕ್ಸಸ್' ಇದೆ ನೋಡಿ. ಅದು 1927ರಲ್ಲಿ ಜಿಮ್ಮಿ ರಾಜರ್ಸ್ ರೆಕಾರ್ಡ್ ಮಾಡಿದ ಹಳೇ ಕಂಟ್ರಿ ಹಾಡು. ಸ್ಟೀವ್ ಗೇನ್ಸ್ ಮೊದಲ ಸಲ ಬ್ಯಾಂಡ್ ಜೊತೆ ವೇದಿಕೆ ಹತ್ತಿ ನುಡಿಸಿದ್ದು ಅದೇ ಹಾಡಿಗೆ. ಅಕ್ಕ ಕ್ಯಾಸಿ ಶಿಫಾರಸು ಮಾಡಿದ್ದಳು. ಕೆಲವೇ ತಿಂಗಳಲ್ಲಿ ನೆಬ್‌ವರ್ತ್ ಬಯಲಿನ ಮುಂದೆ ನಿಂತಿದ್ದ. ಫಿಲ್ಮಿನಲ್ಲಿ ಅವನಿಗೆ ಎಳ್ಳಷ್ಟೂ ಅಂಜಿಕೆ ಕಾಣುವುದಿಲ್ಲ.

ನಿದ್ದೆಗೇಡಿ

ಮಾಹಿತಿಗೆ ಥ್ಯಾಂಕ್ಸ್. ನೆಬ್‌ವರ್ತ್ ಶುರು ಮಾಡಿದೆ. ಒಂದು ಅಡ್ಡ ಪ್ರಶ್ನೆ. ಈ ಬ್ಯಾಂಡಿನ ಹಳೇ ಫೋಟೋಗಳಲ್ಲಿ ಹಿಂದೆ ಕಾನ್ಫೆಡರೇಟ್ ಬಾವುಟ ಕಾಣುತ್ತದೆ. ಅದು ಗುಲಾಮಗಿರಿಯ ಪರ ಹೋರಾಡಿದವರ ಬಾವುಟ ಅಲ್ವಾ? ಇದನ್ನು ಇಟ್ಟುಕೊಂಡು ಹಾಡು ಹೇಗೆ ಆನಂದಿಸುವುದು?

ಅಟ್ಲಾಂಟಾ_ಕನ್ನಡಿಗ

ಒಳ್ಳೆಯ ಪ್ರಶ್ನೆ, ಇಲ್ಲಿ ದಿನಾ ಎದುರಾಗುವ ಪ್ರಶ್ನೆಯೂ ಹೌದು. ದಕ್ಷಿಣದ ಬ್ಯಾಂಡ್ ಅಂತ ಎದ್ದು ಕಾಣಲಿ ಅಂತ ರೆಕಾರ್ಡ್ ಕಂಪನಿಯವರೇ 70ರ ದಶಕದಲ್ಲಿ ಆ ಬಾವುಟ ತಂದದ್ದು ಅಂತ ಬ್ಯಾಂಡಿನವರು ಹೇಳಿಕೊಂಡಿದ್ದಾರೆ. ಬ್ಯಾಂಡ್ ಅದನ್ನು ದಶಕಗಟ್ಟಲೆ ಇಟ್ಟುಕೊಂಡಿತು, ಆದ್ದರಿಂದ ಪೂರ್ತಿ ಕಂಪನಿ ತಲೆಗೆ ಕಟ್ಟುವುದು ಸರಿಯಲ್ಲ. 2012ರಲ್ಲಿ ಗ್ಯಾರಿ, ದ್ವೇಷ ಹರಡುವ ಗುಂಪುಗಳು ಆ ಬಾವುಟವನ್ನು ಕಿತ್ತುಕೊಂಡಿವೆ, ನಾವು ಅದನ್ನು ಬಿಡುತ್ತೇವೆ ಅನ್ನುವ ಅರ್ಥದಲ್ಲಿ ಹೇಳಿದ. ಅಭಿಮಾನಿಗಳು ಕೂಗಾಡಿದರು. ಮಾತು ಸಡಿಲವಾಯಿತು. ನನಗೆ ಆ ಹಿಂಜರಿತ ಇಷ್ಟವಾಗಲಿಲ್ಲ, ಈಗಲೂ ಇಷ್ಟವಿಲ್ಲ.

'ಸ್ವೀಟ್ ಹೋಮ್ ಅಲಬಾಮಾ'ದಲ್ಲಿ ಕೆನಡಾದ ಹಾಡುಗಾರ ನೀಲ್ ಯಂಗ್‌ಗೆ ಒಂದು ಏಟು ಇದೆ. ಅವನು ದಕ್ಷಿಣದವರನ್ನು ಒಟ್ಟಿಗೆ ಬೈದು ಹಾಡಿದ್ದಕ್ಕೆ ಇದು ಉತ್ತರ. ಆದರೆ ಇವರ ನಡುವೆ ದ್ವೇಷ ಇರಲಿಲ್ಲ. 1977ರ ಓಕ್‌ಲ್ಯಾಂಡ್ ಶೋನಲ್ಲಿ ರಾನಿ ನೀಲ್ ಯಂಗ್ ಚಿತ್ರದ ಟೀಶರ್ಟ್ ಹಾಕಿಕೊಂಡೇ ಹಾಡುತ್ತಾನೆ. ನೀಲ್ ಯಂಗ್ ಕೂಡ ಆಮೇಲೆ, ನನ್ನ 'ಅಲಬಾಮಾ' ಹಾಡಿಗೆ ಈ ಏಟು ಬೀಳಬೇಕಾಗಿತ್ತು ಅಂತ ಬರೆದುಕೊಂಡ. ಹಾಡು ಕೇಳಿ, ಬಾವುಟವನ್ನು ಪ್ರಶ್ನಿಸಿ. ಎರಡನ್ನೂ ಮಾಡಬಹುದು.

ಸುಮ್ನೆ_ಓದುಗ

ಬೆಂಗಳೂರಿನ ಯಾವ ಪಬ್ ಗಿಗ್‌ಗೆ ಹೋದರೂ ಹಿಂದಿನಿಂದ ಒಬ್ಬ 'ಫ್ರೀ ಬರ್ಡ್' ಅಂತ ಕಿರುಚುತ್ತಾನೆ. ವೇದಿಕೆ ಮೇಲೆ ಜ್ಯಾಝ್ ಟ್ರಿಯೋ ಇದ್ದರೂ ಕಿರುಚುತ್ತಾನೆ. ನಮ್ಮ ಏರಿಯಾದ ಗಣೇಶೋತ್ಸವ ಆರ್ಕೆಸ್ಟ್ರಾದಲ್ಲೂ ಒಬ್ಬ ಕೂಗಿದ. ಅವರು 'ಹುಟ್ಟಿದರೇ ಕನ್ನಡ ನಾಡಲ್ಲಿ' ಶುರು ಮಾಡಿದರು. ನನಗೆ ಅದೇ ಸರಿ ಅನ್ನಿಸಿತು.

ಬೀಟ್_ತಪ್ಪದವ

ಆ ಕೂಗಿಗೆ ಒಮ್ಮೆ ನಮ್ಮ ಬ್ಯಾಂಡ್ ನಿಜವಾಗಿಯೂ ನುಡಿಸಿಬಿಟ್ಟಿತು. ಸೋಲೋ ಅರ್ಧಕ್ಕೆ ಬರುವಷ್ಟರಲ್ಲಿ ಕೂಗಿದವನು ಬಿಲ್ ಕೊಟ್ಟು ಹೊರಟಿದ್ದ.

ತಂತಿರಾಯ

😂 ವಾಪಸ್ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿ ತಲೆ ತಿನ್ನುವುದು ಒಂದೇ. 'ಫ್ರೀ ಬರ್ಡ್' ಯಾರು ಹಾಡಬೇಕು?

1987ರ ಟೂರ್‌ನಲ್ಲಿ ಅವರು ಅದಕ್ಕೆ ಒಂದು ದಾರಿ ಕಂಡುಕೊಂಡಿದ್ದರು. ಯಾರೂ ಹಾಡಲಿಲ್ಲ. ನಡುವೆ ಮೈಕ್ ನಿಲ್ಲಿಸಿ ಅದಕ್ಕೆ ರಾನಿಯ ಥರದ ಟೋಪಿ ಹಾಕಿದರು. ಬ್ಯಾಂಡ್ ನುಡಿಸಿತು, ಹಾಡಿದ್ದು ಎದುರಿಗಿದ್ದ ಜನ. ಜಾನಿಗೆ ಆ ಹಾಡನ್ನು ಬಾಯಿಬಿಟ್ಟು ಹಾಡುವುದಕ್ಕೆ ಮನಸ್ಸು ಒಪ್ಪಿದ್ದು ಆಮೇಲೆ. 2018ರಲ್ಲಿ ಶುರುವಾದ ವಿದಾಯದ ಟೂರ್ ಹೊತ್ತಿಗೆ ಇನ್ನೊಂದು ಬದಲಾವಣೆ. ಹಿಂದಿನ ದೊಡ್ಡ ಪರದೆಯ ಮೇಲೆ ಹಳೇ ಫಿಲ್ಮಿನ ರಾನಿ ಬರುತ್ತಾನೆ, ಅವನ ದನಿಯಲ್ಲೇ ಒಂದು ಚರಣ ನಡೆಯುತ್ತದೆ, ಕೆಳಗೆ ಈಗಿನವರು ನುಡಿಸುತ್ತಾರೆ. ತಮ್ಮ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ.

ಟೋಪಿ ಹಾಕಿದ ಖಾಲಿ ಮೈಕ್ ನನಗೆ ಹೆಚ್ಚು ಹಿಡಿಸುತ್ತದೆ. ಪರದೆಯ ರಾನಿ ನೋಡಿದರೆ ಸ್ವಲ್ಪ ಕಸಿವಿಸಿ. ಅವನಿಗೆ 29 ವರ್ಷ, ಮುಂದೆ ನುಡಿಸುವವರಿಗೆ 70. ಆದರೆ ಜಾನಿ ಅಲ್ಲಿ ದೊಡ್ಡಸ್ತಿಕೆ ತೋರಿಸುವುದಿಲ್ಲ. ಅಣ್ಣನ ಹಾಡನ್ನು ಮೂವತ್ತು ವರ್ಷಕ್ಕೂ ಮೇಲೆ ಹಾಡಿ, ಕೊನೆಗೆ ಅಣ್ಣನಿಗೇ ಬಿಟ್ಟುಕೊಟ್ಟ. ಅಣ್ಣ ಬದುಕಿದ್ದದ್ದಕ್ಕಿಂತ ಜಾಸ್ತಿ ವರ್ಷ ತಮ್ಮ ಈ ಬ್ಯಾಂಡಿನಲ್ಲಿ ಹಾಡಿದ್ದಾನೆ, ಲೆಕ್ಕ ಹಾಕಿ ನೋಡಿ.

ಹಳೇಕ್ಯಾಸೆಟ್

ಸತ್ತವನನ್ನು ಪರದೆ ಮೇಲೆ ತಂದು ಟಿಕೆಟ್ ಮಾರುವುದು ನನಗೆ ಸರಿಯಿಲ್ಲ. ಅದಕ್ಕೆ ನೀವು ಎಷ್ಟೇ ಒಳ್ಳೆಯ ಮಾತು ಹೇಳಿದರೂ.

ಆಲ್ಮನ್ ಬ್ರದರ್ಸ್ ನೋಡಿ. ಅವರೂ 1971ರಲ್ಲಿ ಡ್ವೇನ್‌ನನ್ನು ಕಳೆದುಕೊಂಡರು, ಮುಂದಿನ ವರ್ಷ ಬೇಸ್ ನುಡಿಸುವ ಬೆರ್ರಿ ಓಕ್ಲಿಯನ್ನು. ಆದರೂ ನಡೆದರು. ಆಮೇಲೆ ಗಿಟಾರಿಸ್ಟ್‌ಗಳಾದ ವಾರೆನ್ ಹೇನ್ಸ್, ಡೆರೆಕ್ ಟ್ರಕ್ಸ್ ಬಂದರು. ಇವರು ಡ್ವೇನ್‌ನ ನಕಲು ಮಾಡಲಿಲ್ಲ. 2003ರ ನ್ಯೂಯಾರ್ಕಿನ ಬೀಕನ್ ಥಿಯೇಟರ್ ಫಿಲ್ಮ್ ನೋಡಿ, ಹಳೇ ಹಾಡನ್ನು ಪ್ರತಿ ಸಲ ಬೇರೆ ಕಡೆ ಕೊಂಡೊಯ್ಯುತ್ತಾರೆ. ಮತ್ತೆ ಯಾವಾಗ ನಿಲ್ಲಿಸಬೇಕು ಅಂತ ಅವರಿಗೆ ಗೊತ್ತಿತ್ತು. 2014ರ ಅಕ್ಟೋಬರ್ 28ರ ರಾತ್ರಿ ಬೀಕನ್‌ನಲ್ಲಿ ಶುರುವಾದ ಕೊನೆಯ ಶೋ ನಡುರಾತ್ರಿ ದಾಟಿತು. ಅಂದರೆ ಮುಗಿದದ್ದು 29ಕ್ಕೆ, ಡ್ವೇನ್ ಸತ್ತ ದಿನ. ಅಲ್ಲಿಗೆ ಮುಗಿಸಿದರು. ವಿದಾಯದ ಟೂರ್ ಅಂತ ಹೇಳಿ ಇನ್ನೂ ಓಡುತ್ತಿಲ್ಲ.

ಗಿಟಾರ್_ಮೇಷ್ಟ್ರು

ಈ ಹೋಲಿಕೆಯಲ್ಲಿ ಒಂದು ಅನ್ಯಾಯ ಇದೆ. ಆಲ್ಮನ್ ಬ್ರದರ್ಸ್ ಸಂಗೀತ ಶುರುವಿನಿಂದಲೂ ವಿಸ್ತಾರ ಮಾಡುವ ಸಂಗೀತ. ಇವತ್ತು ನುಡಿಸಿದ್ದು ನಾಳೆ ಇರುವುದಿಲ್ಲ. ಅಲ್ಲಿ ಹೊಸಬ ಬಂದರೆ ಅವನ ದಾರಿ ಅವನಿಗೆ. ಲೆನರ್ಡ್ ಸ್ಕಿನರ್ಡ್ ಹಾಗಲ್ಲ. ರಾನಿ ಇಂಚಿಂಚೂ ಕೂಡಿಸಿ ಅಭ್ಯಾಸ ಮಾಡಿಸುತ್ತಿದ್ದ. ಊರ ಹೊರಗೆ ತಗಡಿನ ಒಂದು ಗುಡಿಸಲಿನಲ್ಲಿ, ಫ್ಲೋರಿಡಾದ ಸೆಕೆಯಲ್ಲಿ, ದಿನಗಟ್ಟಲೆ. ಅದಕ್ಕೆ ಅವರೇ ನರಕದ ಮನೆ ಅಂತ ಹೆಸರಿಟ್ಟಿದ್ದರು. ಸೋಲೋಗಳು ಕೂಡ ಮೊದಲೇ ಕಟ್ಟಿ ಇಟ್ಟದ್ದು. ಜನ ಬರುವುದು ಅದೇ ಸೋಲೋ ಕೇಳಲು. ಒಂದು ಸ್ವರ ಬದಲಾಯಿಸಿದರೂ ಗೊತ್ತಾಗುತ್ತದೆ. ಆದ್ದರಿಂದ ರಿಕಿ ಮೆಡ್‌ಲಾಕ್ ಆಲನ್‌ನ ಸೋಲೋವನ್ನು ಹಾಗೇ ನುಡಿಸಿದರೆ ಅದು ನಕಲು ಅಲ್ಲ, ಆ ಬ್ಯಾಂಡಿನ ಪದ್ಧತಿಯೇ ಅದು.

ಆದರೂ ನನ್ನ ಕಿವಿಗೆ ರೈಮನ್ ಸದ್ದು ಸ್ವಲ್ಪ ತೊಳೆದು ಇಸ್ತ್ರಿ ಮಾಡಿದ್ದು. ನೆಬ್‌ವರ್ತ್‌ನಲ್ಲಿ ಮೂರು ಗಿಟಾರ್‌ಗೂ ಬೇರೆ ಬೇರೆ ಗಂಟಲು ಇದೆ. ಕಣ್ಣು ಮುಚ್ಚಿ ಇದು ಗ್ಯಾರಿ, ಇದು ಆಲನ್, ಇದು ಸ್ಟೀವ್ ಅಂತ ಹೇಳಬಹುದು. ಸ್ಟೀವ್‌ನದು ಚುರುಕು, ಕಂಟ್ರಿ ವಾಸನೆ. ಆಲನ್‌ನದು ಚೂಪು, ಅವಸರ. ಗ್ಯಾರಿ ಕಡಿಮೆ ಸ್ವರದವನು, ಒಂದೇ ಸ್ವರವನ್ನು ಎಳೆದು ಅಲ್ಲೇ ನಿಲ್ಲಿಸುತ್ತಾನೆ. ಮೂವರೂ ವೇಗದವರಾಗಿದ್ದರೆ ಆ ಬ್ಯಾಂಡ್ ಬರೀ ಗಲಾಟೆ ಆಗುತ್ತಿತ್ತು.

ತಂತಿರಾಯ

ಮೇಷ್ಟ್ರು ಹೇಳಿದ ಕೊನೆಯ ಮಾತೇ ನನ್ನ ವಾದ. 2003ರಲ್ಲಿ ಗ್ಯಾರಿಗೆ ಹೃದಯದ ಬೈಪಾಸ್ ಆಗಿತ್ತು. 2021ರಲ್ಲಿ ಮತ್ತೆ ತುರ್ತು ಆಪರೇಷನ್. ಆಮೇಲೆ ಎಲ್ಲ ಶೋಗಳಿಗೂ ಹೋಗುವ ಶಕ್ತಿ ಇರಲಿಲ್ಲ, ಅವನ ಜಾಗದಲ್ಲಿ ಡೇಮನ್ ಜಾನ್ಸನ್ ನುಡಿಸುತ್ತಿದ್ದ. ವೇಗವನ್ನೇ ನಂಬಿದ ಗಿಟಾರಿಸ್ಟ್ ಆ ಸ್ಥಿತಿಯಲ್ಲಿ ಮನೆಯಲ್ಲಿ ಕೂರಬೇಕಿತ್ತು. ಗ್ಯಾರಿ 24ಕ್ಕೇ ಕಡಿಮೆ ನುಡಿಸುವವನು. ಅದಕ್ಕೇ 70ರಲ್ಲೂ ಅವನ ಸ್ವರ ಅವನದೇ ಆಗಿ ಉಳಿಯಿತು.

ನಿದ್ದೆಗೇಡಿ

ನೆಬ್‌ವರ್ತ್ ಮುಗಿಸಿದೆ. ನಾಲಿಗೆ ಮೇಲೆ ಹೋಗುವ ಜಾಗ ಎರಡು ಸಲ ಹಾಕಿ ನೋಡಿದೆ. ಸ್ಕ್ರೂಡ್ರೈವರ್ ಹುಡುಕಿದೆ, ನನ್ನ ಫೋನಿನ ಪರದೆಯಲ್ಲಿ ಕಾಣಲಿಲ್ಲ. ಈಗ ರೈಮನ್ ನೋಡಲಾ, ಓಕ್‌ಲ್ಯಾಂಡ್ ನೋಡಲಾ?

ಹಳೇಕ್ಯಾಸೆಟ್

ಓಕ್‌ಲ್ಯಾಂಡ್. ಎರಡನೇ ಪ್ರಶ್ನೆಯೇ ಇಲ್ಲ. 1977ರ ಜುಲೈ, ಆಲನ್ ಕೈಯಲ್ಲಿ ಎಕ್ಸ್‌ಪ್ಲೋರರ್ ಗಿಟಾರ್, ಬಿಸಿಲು.

ಕಡಲತಡಿ

ರೈಮನ್. ಒಂದು ತುದಿ ನೋಡಿದವರು ಇನ್ನೊಂದು ತುದಿ ನೋಡಬೇಡವೇ? ನಡುವಿನದ್ದು ಆಮೇಲೆ ನೋಡಿದರಾಯಿತು. @ಹಳೇಕ್ಯಾಸೆಟ್ ಈ ಸಲ ನೀವೂ ನೋಡಿ, ಪೂರ್ತಿಯಾಗಿ. ಅತಿಥಿಗಳು ಬಂದಾಗ ಬೇಕಾದರೆ ಕಾಫಿ ಮಾಡಿಕೊಳ್ಳಿ.

ಹಳೇಕ್ಯಾಸೆಟ್

'ಸಿಂಪಲ್ ಮ್ಯಾನ್' ಮಾತ್ರ ನೋಡುತ್ತೇನೆ. ಅದೂ ಗ್ಯಾರಿಗೋಸ್ಕರ.

ಬೀಟ್_ತಪ್ಪದವ

@ನಿದ್ದೆಗೇಡಿ ಯಾವುದನ್ನೇ ನೋಡು, ಫೋನ್ ಸ್ಪೀಕರ್‌ನಲ್ಲಿ ಬೇಡ. ಹೆಡ್‌ಫೋನ್ ಹಾಕು. ಇಲ್ಲದಿದ್ದರೆ ಬೇಸ್ ಕೇಳುವುದಿಲ್ಲ, ಕಿಕ್ ಡ್ರಮ್ ಕೇಳುವುದಿಲ್ಲ, ಆಮೇಲೆ ಇವರೆಲ್ಲರ ಹಾಗೆ ಬರೀ ಗಿಟಾರ್ ಬಗ್ಗೆ ಬರೆಯುತ್ತೀಯ.